ಚೆಂಡೆ ಸಿನಿಮಾಕ್ಕೆ ಹೋಗೋಣ್ವಾ, ಮದ್ದಳೆ ಸಿನಿಮಾಕ್ಕೆ ಹೋಗೋಣ್ವಾ?

ಕಾರವಾರದಲ್ಲಿ ಇದ್ದುಕೊಂಡು ಒಂದು ಸಿನಿಮಾವನ್ನು ಒಳ್ಳೆಯ ಪರದೆಯಲ್ಲಿ, ಒಳ್ಳೆಯ ಸೌಂಡಿನಲ್ಲಿ ನೋಡಬೇಕು ಅಂದರೆ ನಾವು ಮಡಗಾಂವ್ ದಾರಿ ಹಿಡಿಯುತ್ತೇವೆ. ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರು. ಶಿರಸಿಯವರಾದರೆ ಹುಬ್ಬಳ್ಳಿ, ಅದು ನೂರರ ಆಸುಪಾಸು. ಊಟ ಮುಗಿಸಿ ಕೈ ತೊಳೆದು 'ಬಾ, ಯಾವುದಾದ್ರೂ ಒಂದಕ್ಕೆ ಹೋಗೋಣ' ಅನ್ನುವ ಸುಖ ನಮಗಿಲ್ಲ. ಒಂದು ಸಿನಿಮಾ ಅಂದರೆ ಒಂದು ದಿನ. ಐದು ಜನ ಹೊರಟರೆ ಟಿಕೆಟ್ಟು, ಪೆಟ್ರೋಲು, ಮಧ್ಯಾಹ್ನದ ಊಟ, ಮಕ್ಕಳ ಪಾಪ್‌ಕಾರ್ನು ಎಲ್ಲ ಸೇರಿ ವಾರದ ಸಂತೆಯ ದುಡ್ಡು ಖಾಲಿ. ಹಾಗಾಗಿ ಯಾವುದಕ್ಕೆ ಹೋಗುವುದು ಅಂತ ಆರಿಸುವುದು ನಮ್ಮ ಕಡೆ ತಲೆ ಕೆಡಿಸಿಕೊಳ್ಳಬೇಕಾದ ಕೆಲಸವೇ.

ನಮ್ಮ ಮನೆಯಲ್ಲಿ ಆ ಕೆಲಸ ನನ್ನ ತಲೆಗೆ ಬಿದ್ದು ಹತ್ತು ವರ್ಷವಾಯಿತು. ತವರುಮನೆ ಶಿರಸಿ ಹತ್ತಿರ, ಸಂಸಾರ ಕಾರವಾರದಲ್ಲಿ. ಎರಡೂ ಕಡೆಯಿಂದ ಫೋನ್ ಬರುತ್ತದೆ. ಅಕ್ಕನ ಮಗ ಕೇಳುವುದು ಒಂದು, ಆಯಿ ಕೇಳುವುದು ಇನ್ನೊಂದು. ಮಾತು ಪ್ರತಿಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾರಾಡಿ ಹೊಡೆದಾಡುವ ಸೂಪರ್‌ಹೀರೋ ಚಿತ್ರವೋ, ಎದೆ ಭಾರ ಮಾಡಿ ಮನೆಗೆ ಕಳಿಸುವ ಚಿತ್ರವೋ?

ಈ ಎರಡಕ್ಕೂ ನಾನು ನನ್ನದೇ ಹೆಸರು ಇಟ್ಟುಕೊಂಡಿದ್ದೇನೆ. ಒಂದು ಚೆಂಡೆ ಸಿನಿಮಾ, ಇನ್ನೊಂದು ಮದ್ದಳೆ ಸಿನಿಮಾ. ಎರಡೂ ಯಕ್ಷಗಾನದ ವಾದ್ಯದ ಹೆಸರು. ಯಕ್ಷಗಾನ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಕ್ಷಸ ವೇಷ ತೆರೆಯ ಹಿಂದಿನಿಂದ ಆರ್ಭಟಿಸಿಕೊಂಡು ಬರುವಾಗ ಚೆಂಡೆಯ ಪೆಟ್ಟು ನೇರ ಹೊಟ್ಟೆಗೇ ಬೀಳುತ್ತದೆ, ತೂಕಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ಕೂರುತ್ತವೆ. ಬೆಳಗಿನ ಜಾವ ಹರಿಶ್ಚಂದ್ರ ಮಸಣದಲ್ಲಿ ಹೆಂಡತಿಯ ಎದುರು ನಿಂತಾಗ ಚೆಂಡೆ ಸುಮ್ಮನಾಗುತ್ತದೆ. ಮದ್ದಳೆ, ಭಾಗವತರ ದನಿ, ಅಷ್ಟೇ.

ಸೂಪರ್‌ಹೀರೋ ಅಂದರೆ ಅಮೆರಿಕದ ಸರಕು ಅಂತ ಮೂಗು ಮುರಿಯುವ ಹಿರಿಯರು ಸಿಕ್ಕಿದರೆ ನಾನು ಭಸ್ಮಾಸುರನ ಮಾತು ತೆಗೆಯುತ್ತೇನೆ. ತಲೆ ಮೇಲೆ ಕೈ ಇಟ್ಟರೆ ಸಾಕು, ಎದುರಿಗಿದ್ದವ ಬೂದಿ. ಇದಕ್ಕಿಂತ ಸೂಪರ್ ಪವರ್ ಬೇಕಾ? ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಅಂದರೆ ನಮ್ಮ ಕಡೆ ಊರಿಗೆ ಊರೇ ಏಳುತ್ತಿತ್ತು. 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಆಗಲೂ ಕುಣಿಯುತ್ತಿದ್ದರು. ಒಟ್ಟಿನಲ್ಲಿ ಎರಡೂ ರುಚಿ ನಮ್ಮ ನಾಲಿಗೆಗೆ ಹಳೆಯದೇ. ಮೊದಲು ಎರಡನ್ನೂ ಒಂದೇ ರಾತ್ರಿ ಒಂದೇ ಚಾಪೆ ಮೇಲೆ ಕೂತು ನೋಡುತ್ತಿದ್ದೆವು. ಈಗ ಟಿಕೆಟ್ಟು ಬೇರೆ ಬೇರೆ.

ಥಿಯೇಟರಿಗೆ ಯಾವುದು, ಮನೆಗೆ ಯಾವುದು

ಎಲ್ಲರೂ ಹೇಳುವುದು ಒಂದೇ. ದೊಡ್ಡ ಪರದೆಗೆ ಸೂಪರ್‌ಹೀರೋ, ಅಳಿಸುವ ಚಿತ್ರ ಮನೆಯಲ್ಲೇ ಸಾಕು. ನಾನು ಇದನ್ನು ಒಪ್ಪುವುದಿಲ್ಲ. ಎಪ್ಪತ್ತು ಕಿಲೋಮೀಟರ್ ಹೋಗಿ ದುಡ್ಡು ಕೊಟ್ಟು ನೋಡುವುದಾದರೆ ಮದ್ದಳೆ ಸಿನಿಮಾ ನೋಡಿ. ಚೆಂಡೆ ಸಿನಿಮಾ ಮನೆಗೆ ಬರುವವರೆಗೆ ಕಾಯಬಹುದು.

ಯಾಕೆ ಅಂತ ಹೇಳುತ್ತೇನೆ. 2022ರ ಜೂನ್‌ನಲ್ಲಿ '777 ಚಾರ್ಲಿ' ಬಂತು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಒಂಟಿ ಮನುಷ್ಯ, ಅವನ ಬಾಗಿಲಿಗೆ ಬಂದು ಬಿದ್ದ ಒಂದು ಲ್ಯಾಬ್ರಡಾರ್ ನಾಯಿ, ಆಮೇಲೆ ಆ ನಾಯಿಗೆ ಹಿಮ ತೋರಿಸಲು ಕಾಶ್ಮೀರದವರೆಗೆ ಹೋಗುವ ಕಥೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಚಿತ್ರ ನೋಡಿ ಎಲ್ಲರ ಎದುರೇ ಕಣ್ಣೀರು ಹಾಕಿದ್ದು ಟೀವಿಯಲ್ಲಿ ಬಂದಿತ್ತು. ಅವರ ಮನೆಯ ನಾಯಿ ಹಿಂದಿನ ವರ್ಷವಷ್ಟೇ ಹೋಗಿತ್ತು. ನಾನು ಅದನ್ನು ನೋಡಿದ್ದು ಘಟ್ಟದ ಮೇಲಿನ ಒಂದು ಹಳೇ ಟಾಕೀಸಿನಲ್ಲಿ. ಹೊರಗೆ ಮಳೆ. ತಗಡಿನ ಮೇಲೆ ಬೀಳುವ ಸದ್ದಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಅಜ್ಜಿ, ಮೊಮ್ಮಗಳ ಜೊತೆ ಬಂದಿದ್ದಳು. ಇಂಟರ್‌ವಲ್ಲಿಗೆ ಮುಂಚೆ ಬೇಯಿಸಿದ ಶೇಂಗಾ ಪೊಟ್ಟಣ ನನ್ನ ಕಡೆ ಚಾಚಿದಳು, ನಾಲ್ಕು ತಗೊಂಡೆ. ಎರಡನೇ ಅರ್ಧದಲ್ಲಿ ನಾಯಿಗೆ ಕಾಯಿಲೆ ಅಂತ ಗೊತ್ತಾಗುತ್ತದಲ್ಲ, ಅಲ್ಲಿಂದ ಅಜ್ಜಿಯ ಕೈ ಪೊಟ್ಟಣದಲ್ಲೇ ನಿಂತುಬಿಟ್ಟಿತು. ಸಿಪ್ಪೆ ಬಿಡಿಸುವ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಏರಿಸಿದರು. ಆಮೇಲೆ ಬಲಗಡೆ ಒಬ್ಬರು. ಆಮೇಲೆ ಇಡೀ ಟಾಕೀಸು. ಕತ್ತಲಲ್ಲಿ ಯಾರು ಯಾರನ್ನೂ ನೋಡಲಿಲ್ಲ. ಲೈಟು ಹಾಕಿದ ಮೇಲೆ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿ, 'ಥೋ, ಶೇಂಗಾ ಎಲ್ಲ ತಣ್ಣಗಾತು' ಅಂದಳು.

ಅದೇ ಚಿತ್ರವನ್ನು ಆಮೇಲೆ ಮನೆಯಲ್ಲಿ ಹಾಕಿದೆವು. ಕಾಯಿಲೆಯ ಜಾಗ ಬರುತ್ತಿದ್ದ ಹಾಗೆ ನಮ್ಮವರು ನೀರು ಕುಡಿಯಲು ಎದ್ದರು. ನನ್ನ ಕೈ ಫೋನಿಗೆ ಹೋಯಿತು. ಇದೇ ನೋಡಿ ಸಮಸ್ಯೆ. ಮನೆಯಲ್ಲಿ ನೋವಾಗುವ ಜಾಗದಲ್ಲಿ ತಪ್ಪಿಸಿಕೊಳ್ಳಲು ನೂರು ದಾರಿ. ಥಿಯೇಟರಿನಲ್ಲಿ ತಪ್ಪಿಸಿಕೊಳ್ಳಲು ಹತ್ತು ಜನರ ಮೊಣಕಾಲು ದಾಟಬೇಕು.

ಇದು ನನ್ನೊಬ್ಬಳ ಅನುಭವ ಅಂದುಕೊಂಡಿದ್ದೆ. ಆದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್ಬರ್ ತಂಡ 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದಷ್ಟು ಜನರಿಗೆ ಒಟ್ಟಿಗೆ ಕೂರಿಸಿ ದುಃಖದ ಚಿತ್ರ ತೋರಿಸಿದರು, ಇನ್ನೊಂದಷ್ಟು ಜನರಿಗೆ ಬರೀ ಮಾಹಿತಿಯ ಚಿತ್ರ. ಮೊದಲೂ ಆಮೇಲೂ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕುರ್ಚಿಯ ಭಂಗಿಯಲ್ಲಿ ಕೂರಲು ಹೇಳಿ, ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಅಂತ ನೋಡಿದರು. ದುಃಖದ ಚಿತ್ರ ನೋಡಿ ಮನಸ್ಸು ಕರಗಿದವರು ಜಾಸ್ತಿ ಹೊತ್ತು ನೋವು ತಡೆದುಕೊಂಡರು, ಪಕ್ಕದಲ್ಲಿದ್ದ ಅಪರಿಚಿತರ ಮೇಲೆ ಅವರಿಗೆ ಹತ್ತಿರದ ಭಾವನೆಯೂ ಹೆಚ್ಚಿತ್ತು. ಎಲ್ಲರಿಗೂ ಹಾಗೆ ಆಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. ನನಗಂತೂ ಓದುವಾಗ ಶೇಂಗಾ ಅಜ್ಜಿ ನೆನಪಾದಳು.

ಚೆಂಡೆ ಸಿನಿಮಾಕ್ಕೆ ಈ ಕಷ್ಟ ಇಲ್ಲ. ನಡುವೆ ಕರೆಂಟು ಹೋಗಲಿ, ಅಕ್ಕಿ ಗಿರಣಿಯವ ಬಂದು ಬಾಗಿಲು ಬಡಿಯಲಿ, ಅರ್ಧ ಗಂಟೆ ಬಿಟ್ಟು ಕೂತರೂ ಕಥೆ ಸಿಗುತ್ತದೆ. ಹೊಡೆಯುವವ ಹೊಡೆಯುತ್ತಲೇ ಇರುತ್ತಾನೆ. ಆಷಾಢದಲ್ಲಿ ನಮ್ಮ ಕಡೆ ಕರೆಂಟಿನ ಗತಿ ಗೊತ್ತಲ್ಲ. ಮಳೆಗಾಲಕ್ಕೆ ಮನೆಯಲ್ಲಿ ಸೂಪರ್‌ಹೀರೋ ಇಟ್ಟುಕೊಳ್ಳಿ, ಹಪ್ಪಳ ಸಂಡಿಗೆಯ ಹಾಗೆ.

ಒಂದು ಮಾತು ನನ್ನ ವಿರುದ್ಧವೇ ಹೇಳಿಕೊಳ್ಳಬೇಕು. 2019ರ ಏಪ್ರಿಲ್ ಕೊನೆಗೆ 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗ ನಾವು ಗೋವಾಕ್ಕೆ ಹೋಗಿ ನೋಡಿದೆವು. ಕ್ಯಾಪ್ಟನ್ ಅಮೆರಿಕ ಥಾರ್‌ನ ಸುತ್ತಿಗೆ ಎತ್ತುವ ಜಾಗದಲ್ಲಿ ಜನ ಸೀಟು ಬಿಟ್ಟು ಎದ್ದು ಕೂಗಿದ ಕೂಗು ಮನೆಯ ಟೀವಿಯಲ್ಲಿ ಯಾವ ಜನ್ಮಕ್ಕೂ ಸಿಗುವುದಿಲ್ಲ. ಅಂಥದ್ದು ಬಂದರೆ ಖಂಡಿತ ಹೋಗಿ. ಆದರೆ ಅಂಥದ್ದು ಎಷ್ಟು ಬರುತ್ತದೆ? ಪ್ರತಿ ಹಳ್ಳಿಯ ಆಟಕ್ಕೂ ಚಿಟ್ಟಾಣಿ ಬರುತ್ತಿರಲಿಲ್ಲ.

ಹೋಮ್‌ವರ್ಕ್ ಇರುವ ಸಿನಿಮಾ

'ಎಂಡ್‌ಗೇಮ್' ಮಾರ್ವೆಲ್ ಸರಣಿಯ 22ನೇ ಚಿತ್ರ. ಮೊದಲನೆಯದು 2008ರ 'ಐರನ್ ಮ್ಯಾನ್'. ಅಷ್ಟನ್ನೂ ನೋಡದವರಿಗೆ ಮೂರು ಗಂಟೆ ಒಂದು ನಿಮಿಷದ ಈ ಚಿತ್ರದಲ್ಲಿ ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಅಂತ ಗೊತ್ತಾಗುವುದೇ ಕಷ್ಟ. ನಮ್ಮವರು ನನ್ನ ಕಿವಿಯಲ್ಲಿ ಕೇಳುತ್ತಲೇ ಇದ್ದರು, 'ಈ ಹಸಿರು ಹೆಂಗಸು ಯಾರು? ಮೊದ್ಲು ಇದ್ಳಾ?' ಮದುವೆ ಮನೆಗೆ ಹೋಗಿ ಯಾರ ಗುರುತೂ ಸಿಗದೆ ಕೂತ ಹಾಗೆ.

ಹಾಗಾಗಿ ಚೆಂಡೆ ಸಿನಿಮಾ ಆರಿಸುವ ಮುಂಚೆ ಮನೆಯ ಹುಡುಗರ ಹತ್ತಿರ ಕೇಳಿ: ಇದಕ್ಕೆ ಹಿಂದಿನದು ಎಷ್ಟು ನೋಡಿರಬೇಕು? 'ಎರಡು' ಅಂದರೆ ಪರವಾಗಿಲ್ಲ. 'ಅದು ಹಾಗಲ್ಲ ಚಿಕ್ಕಿ' ಅಂತ ಶುರುಮಾಡಿದರೆ ಬಿಟ್ಟುಬಿಡಿ. ಮದ್ದಳೆ ಸಿನಿಮಾಕ್ಕೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಇತ್ತೀಚೆಗೆ ಅವೂ ಭಾಗ ಆಗುತ್ತಿವೆ ಅನ್ನಿ. 'ಸಪ್ತ ಸಾಗರದಾಚೆ ಎಲ್ಲೋ' 2023ರ ಸೆಪ್ಟೆಂಬರ್ ಒಂದಕ್ಕೆ ಒಂದು ಭಾಗ, ನವೆಂಬರ್ 17ಕ್ಕೆ ಇನ್ನೊಂದು ಭಾಗ ಬಂತು. ನಡುವಿನ ಎರಡೂವರೆ ತಿಂಗಳು ನನ್ನ ಗೆಳತಿಯೊಬ್ಬಳು ಯಾರೋ ಹತ್ತಿರದವರು ಆಸ್ಪತ್ರೆಯಲ್ಲಿದ್ದ ಹಾಗೆ ಓಡಾಡಿಕೊಂಡಿದ್ದಳು.

ಬಸ್ಸಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಸೂಪರ್‌ಹೀರೋ ಚಿತ್ರದಲ್ಲಿ ಹೆಸರುಗಳೆಲ್ಲ ಓಡಿ ಮುಗಿದ ಮೇಲೆ ಕೊನೆಗೊಂದು ತುಣುಕು ಇಟ್ಟಿರುತ್ತಾರೆ. ಅದಕ್ಕೆ ಕಾದು ಕೂತರೆ ಕೊನೇ ಬಸ್ಸು ಹೋಗಿರುತ್ತದೆ. 'ಎಂಡ್‌ಗೇಮ್' ದಿನ ನಾವೂ ಕಾದೆವು. ತುಣುಕೂ ಇಲ್ಲ, ಗಿಣುಕೂ ಇಲ್ಲ, ಕಬ್ಬಿಣ ಬಡಿಯುವ ಸದ್ದು ಮಾತ್ರ ಕೇಳಿಸಿತು. ಆ ಸದ್ದಿಗೂ ಒಂದು ಅರ್ಥ ಇದೆಯಂತೆ. ನಮಗೆ ಕಂಡ ಅರ್ಥ ಇಷ್ಟೇ, ಪಾರ್ಕಿಂಗಿನಲ್ಲಿ ನಮ್ಮ ಮುಂದೆ ನಲವತ್ತು ಕಾರು.

ಮಕ್ಕಳ ಜೊತೆ

ಇಲ್ಲಿ ಜನ ಸೆನ್ಸಾರ್ ಸರ್ಟಿಫಿಕೇಟ್ ನೋಡದೆ ಎಡವುತ್ತಾರೆ. 2024ರ ಹೊಸ ನಿಯಮದಲ್ಲಿ ಯುಎ ಅನ್ನುವುದನ್ನು ಮೂರು ಮಾಡಿದ್ದಾರೆ: ಯುಎ 7+, ಯುಎ 13+, ಯುಎ 16+. ಆ ವಯಸ್ಸಿನ ಕೆಳಗಿನ ಮಕ್ಕಳಿಗೆ ತೋರಿಸುವುದೋ ಬೇಡವೋ ಅನ್ನುವುದು ಹೆತ್ತವರಿಗೆ ಬಿಟ್ಟದ್ದು. ಎ ಅಂತಿದ್ದರೆ ಮಕ್ಕಳಿಗೆ ಒಳಗೆ ಬಿಡುವ ಹಾಗೇ ಇಲ್ಲ. 'ಸೂಪರ್‌ಹೀರೋ ಅಲ್ವಾ, ಮಕ್ಕಳದ್ದೇ' ಅಂತ ಕಣ್ಣು ಮುಚ್ಚಿ ಹೋಗಬೇಡಿ. 2017ರ 'ಲೋಗನ್' ಹೆಸರಿಗೆ ಎಕ್ಸ್-ಮೆನ್ ಚಿತ್ರ, ಒಳಗೆ ಮುಪ್ಪು, ರಕ್ತ, ಸಾವು. 2019ರ 'ಜೋಕರ್' ಬ್ಯಾಟ್‌ಮ್ಯಾನ್ ಕಥೆಯ ಖಳನ ಹೆಸರು ಹೊತ್ತುಕೊಂಡು ಬಂದು ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದದ್ದು. ಮಕ್ಕಳ ಪಕ್ಕ ಕೂತು ನೋಡುವ ಚಿತ್ರ ಅದಲ್ಲವೇ ಅಲ್ಲ.

ಆದರೆ ಸರ್ಟಿಫಿಕೇಟ್ ಹೇಳದ ಒಂದು ವಿಷಯ ಇದೆ. ಅದನ್ನು ಅಕ್ಕನ ಮಗ ನನಗೆ ಕಲಿಸಿದ. ಅವನಿಗೆ ಆಗ ಒಂಬತ್ತು ವರ್ಷ. 'ಇನ್ಫಿನಿಟಿ ವಾರ್' ಚಿತ್ರದ ಕೊನೆಯಲ್ಲಿ ಚಿಟಿಕೆ ಹೊಡೆದರೆ ಇಡೀ ವಿಶ್ವದ ಅರ್ಧ ಜೀವಗಳು ಬೂದಿಯಾಗಿ ಹಾರಿಹೋಗುತ್ತವೆ. ನಾನೇ ಸ್ವಲ್ಪ ಅಲುಗಾಡಿ ಹೋದೆ. ಇವನು ಚಕ್ಕುಲಿ ಮುರಿಯುತ್ತಾ, 'ಮುಂದಿನ ಪಾರ್ಟಲ್ಲಿ ಎಲ್ಲಾ ವಾಪಸ್ ಬರ್ತಾರೆ ಚಿಕ್ಕಿ' ಅಂದ. ಅರ್ಧ ವಿಶ್ವ ಸತ್ತದ್ದಕ್ಕೆ ಅಷ್ಟೇ ಲೆಕ್ಕ. ತಿಂಗಳು ಬಿಟ್ಟು ನಾಯಿಯ ಚಿತ್ರ ತೋರಿಸಿದೆವು. ಮುಗಿದ ಮೇಲೆ ಮಾತಿಲ್ಲ. ಊಟಕ್ಕೆ ಕೂತು ಅನ್ನ ಕಲಸುತ್ತಾ ಕೇಳಿದ, 'ಚಾರ್ಲಿ ಮುಂದಿನ ಪಾರ್ಟಲ್ಲಿ ಬರ್ತದಾ?'

ಆ ರಾತ್ರಿ ನಮ್ಮಿಬ್ಬರ ನಡುವೆ ಮಲಗಿದ. ತೋರಿಸಿದ್ದು ತಪ್ಪಾಯಿತಾ ಅಂತ ಅಕ್ಕನೂ ನಾನೂ ಫೋನಿನಲ್ಲಿ ಒಂದು ಗಂಟೆ ಮಾತಾಡಿದೆವು. ತಪ್ಪಾಗಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಒಂದು ಜಾಗ್ರತೆ ಕಲಿತೆ. ಮಕ್ಕಳಿಗೆ ಮದ್ದಳೆ ಸಿನಿಮಾ ತೋರಿಸುವುದಾದರೆ ಮಧ್ಯಾಹ್ನ ತೋರಿಸಿ. ಮುಗಿದ ಮೇಲೆ ಆಡಲು, ಕೇಳಲು ಹಗಲು ಉಳಿದಿರಬೇಕು. ರಾತ್ರಿ ಎರಡನೇ ಆಟಕ್ಕೆ ಕರೆದುಕೊಂಡು ಹೋಗಿ, ಕತ್ತಲಲ್ಲಿ ದೇವಿಮನೆ ಘಟ್ಟ ಇಳಿಸಬೇಡಿ.

ಹಿರಿಯರ ಜೊತೆ

ಅಪ್ಪಯ್ಯನನ್ನು ಒಮ್ಮೆ ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋದೆವು. ಸೂಪರ್‌ಹೀರೋ ಚಿತ್ರ, ಇಂಗ್ಲಿಷ್ ಮಾತು, ಕೆಳಗೆ ಅಕ್ಷರವೂ ಇಲ್ಲ. ಎ.ಸಿ. ಜೋರು, ಅಪ್ಪಯ್ಯ ಶಾಲನ್ನು ಕಿವಿಗೆ ಸುತ್ತಿಕೊಂಡರು. ಊರು ಪೂರ್ತಿ ಉರುಳುವ ಕೊನೆಯ ಯುದ್ಧದಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಆ ಸದ್ದಿನಲ್ಲಿ ಹೇಗೆ ನಿದ್ದೆ ಬಂತು ಅಂತ ಕೇಳಿದರೆ, ಆಟದಲ್ಲಿ ಯುದ್ಧದ ಪದ್ಯಕ್ಕೆ ಮಲಗಿ ಅಭ್ಯಾಸ ಅಂದರು. ಬರುವಾಗ ಕಾಳಿ ಸೇತುವೆ ದಾಟುತ್ತಿದ್ದ ಹಾಗೆ ಇದ್ದಕ್ಕಿದ್ದಂತೆ ಕೇಳಿದರು, 'ಕೂಸೇ, ಆ ಹುಡ್ಗಂಗೆ ಆಯಿ ಅಪ್ಪ ಯಾರೂ ಇಲ್ಯಾ?'

ಕಾರಿನಲ್ಲಿ ಎಲ್ಲ ನಕ್ಕರು. ಆಮೇಲೆ ಯೋಚನೆ ಮಾಡಿದರೆ ಅಪ್ಪಯ್ಯ ಹಿಡಿದದ್ದು ಸರಿಯಾದ ಎಳೆಯನ್ನೇ. 1938ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಹೆತ್ತವರನ್ನು, ಹುಟ್ಟಿದ ಗ್ರಹವನ್ನೇ ಕಳೆದುಕೊಂಡು ಬಂದವ. ಬ್ಯಾಟ್‌ಮ್ಯಾನ್ ಕಣ್ಣೆದುರೇ ಅಪ್ಪ ಅಮ್ಮ ಸತ್ತದ್ದು. ಸ್ಪೈಡರ್‌ಮ್ಯಾನ್ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗ. ಚೆಂಡೆಯ ಅಡಿಯಲ್ಲಿ ಮದ್ದಳೆ ಇದ್ದೇ ಇದೆ. ಒಳ್ಳೆಯ ಸೂಪರ್‌ಹೀರೋ ಚಿತ್ರ ಅದನ್ನು ಕೇಳಿಸುತ್ತದೆ. ಕೆಟ್ಟದ್ದು ಮೊದಲ ಹತ್ತು ನಿಮಿಷದಲ್ಲಿ ಅದನ್ನು ಮುಗಿಸಿ ಹೊಡೆದಾಟಕ್ಕೆ ಇಳಿಯುತ್ತದೆ.

ಹಿರಿಯರ ಜೊತೆ ನೋಡುವುದಾದರೆ ಭಾಷೆ ಮೊದಲು ನೋಡಿ. ಇಂಗ್ಲಿಷ್ ಸೂಪರ್‌ಹೀರೋ ಚಿತ್ರಗಳು ಹಿಂದಿ, ತಮಿಳು, ತೆಲುಗಿಗೆ ತುಂಬ ಮುಂಚೆಯೇ ಡಬ್ ಆಗುತ್ತಿದ್ದವು, ಕನ್ನಡಕ್ಕೆ ತಡವಾಗಿ ಬಂದವು. 2023ರ ಸ್ಪೈಡರ್‌ಮ್ಯಾನ್ ಕಾರ್ಟೂನ್ ಚಿತ್ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಕನ್ನಡದಲ್ಲೂ ಬಂತು, ಅದರಲ್ಲಿ ಪವಿತ್ರ್ ಪ್ರಭಾಕರ್ ಅಂತ ಒಬ್ಬ ಭಾರತದ ಸ್ಪೈಡರ್‌ಮ್ಯಾನ್ ಕೂಡ ಇದ್ದಾನೆ. ತೆಲುಗಿನ 'ಹನುಮಾನ್' 2024ರ ಸಂಕ್ರಾಂತಿ ಹೊತ್ತಿಗೆ ಬಂದದ್ದು. ಅಂಥದ್ದಾದರೆ ಅಪ್ಪಯ್ಯನಿಗೆ ಕಥೆ ಬಿಡಿಸಿ ಹೇಳುವ ಕಷ್ಟವೇ ಇಲ್ಲ, ಅವರೇ ನಮಗೆ ಹೇಳುತ್ತಾರೆ.

ಮದ್ದಳೆ ಸಿನಿಮಾವನ್ನು ಹಿರಿಯರಿಗೆ ತೋರಿಸುವಾಗ ಬೇರೆ ತರದ ಜಾಗ್ರತೆ ಬೇಕು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿದವರಿಗೆ ಗೊತ್ತು, ಅನಂತ್‌ನಾಗ್ ಅವರದ್ದು ಅಲ್ಝೈಮರ್ಸ್ ಬಂದು ಕಳೆದುಹೋಗುವ ಅಪ್ಪನ ಪಾತ್ರ. ನಾನು ಅದನ್ನು ಯೋಚನೆ ಮಾಡದೆ ದೊಡ್ಡಮ್ಮನ ಮನೆಯಲ್ಲಿ ಹಾಕಿದೆ. ದೊಡ್ಡಪ್ಪನಿಗೆ ಕೊನೇ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತು, ಅದು ನನ್ನ ತಲೆಗೇ ಹೋಗಲಿಲ್ಲ ನೋಡಿ. ಅರ್ಧದಲ್ಲಿ ದೊಡ್ಡಮ್ಮ ಎದ್ದು ಜಗಲಿಗೆ ಹೋದರು. ನಾನು ಬಂದ್ ಮಾಡಲು ಹೋದೆ. ಒಳಗೆ ಬಂದು, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, 'ಇರ್ಲಿ, ಮುಂದೆ ಹಾಕು' ಅಂದರು. ಕೊನೆಯವರೆಗೂ ನೋಡಿದರು. ಆಮೇಲೆ ದೊಡ್ಡಪ್ಪನ ಬಗ್ಗೆ, ಯಾರಿಗೂ ಹೇಳದ ಎರಡು ಸಂಗತಿ ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಸೂಪರ್‌ಹೀರೋ ಚಿತ್ರ ಮುಗಿದ ಮೇಲೆ ಹಾಗೆ ಯಾರೂ ಬಾಯಿ ಬಿಟ್ಟದ್ದು ನಾನು ಕಂಡಿಲ್ಲ. ಆದರೂ ಮುಂಚೆ ಒಂದು ಮಾತು ಹೇಳಿ ಹಾಕಬೇಕಿತ್ತು.

ನೋಡಬಾರದ ಹೊತ್ತು

ಮನೆಯಲ್ಲಿ ಸಾವಾಗಿದ್ದರೆ ಮದ್ದಳೆ ಸಿನಿಮಾ ಬೇಡ, ಮನಸ್ಸು ಬದಲಾಗಲು ಚೆಂಡೆ ಸಿನಿಮಾ ಹಾಕಿ ಅಂತ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, 2024ರ ಮಳೆಗಾಲದವರೆಗೆ. ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು, ಗಂಗಾವಳಿ ಹೊಳೆಗೇ ಹೋಯಿತು. ನಾವು ವಾರಕ್ಕೆ ಎರಡು ಸಲ ಓಡಾಡುತ್ತಿದ್ದ ರಸ್ತೆ. ಚಾ ಕುಡಿಯಲು ನಿಲ್ಲುತ್ತಿದ್ದ ಜಾಗ. ವಾರಗಟ್ಟಲೆ ಹುಡುಕಾಟ ನಡೆಯಿತು. ಆ ದಿನಗಳಲ್ಲಿ ಒಂದು ರಾತ್ರಿ ಟೀವಿಯಲ್ಲಿ ಯಾವುದೋ ಸೂಪರ್‌ಹೀರೋ ಚಿತ್ರ ಬರುತ್ತಿತ್ತು. ಕಟ್ಟಡ ಒಂದರ ಮೇಲೊಂದು ಬೀಳುತ್ತಿತ್ತು, ಕಾರುಗಳು ಕಡಲೆಪುರಿಯ ಹಾಗೆ ಹಾರುತ್ತಿದ್ದವು. ಆ ಕಾರುಗಳೊಳಗೆ ಯಾರಿದ್ದರು ಅಂತ ಚಿತ್ರ ಒಮ್ಮೆಯೂ ತೋರಿಸಲಿಲ್ಲ. ನಮ್ಮವರು ಏನೂ ಹೇಳದೆ ಚಾನೆಲ್ ಬದಲಿಸಿದರು.

ಆಮೇಲೆ ನನಗೆ ಲೆಕ್ಕ ಬದಲಾಯಿತು. ಚೆಂಡೆ ಸಿನಿಮಾ ಹಗುರ ಅನ್ನುವುದು ನಮ್ಮ ಊರಿನ ಗುಡ್ಡ ಗಟ್ಟಿ ನಿಂತಿರುವವರೆಗೆ ಮಾತ್ರ.

ಮದ್ದಳೆ ಸಿನಿಮಾವೂ ಹಾಗೆಯೇ, ಯಾರ ಜೊತೆ ನೋಡುತ್ತೇವೆ ಅನ್ನುವುದರ ಮೇಲೆ ಅದರ ತೂಕ ಬದಲಾಗುತ್ತದೆ. ಗಿರೀಶ ಕಾಸರವಳ್ಳಿಯವರ 'ದ್ವೀಪ' ಅಣೆಕಟ್ಟಿನ ನೀರು ಏರಿ ಬರುವಾಗ ಮನೆ ಬಿಡದೆ ಉಳಿದವರ ಕಥೆ. ಸೌಂದರ್ಯ ನಾಯಕಿ, ನಿರ್ಮಾಪಕಿಯೂ ಅವರೇ. ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂದ ಚಿತ್ರ. ಬೆಂಗಳೂರಿನಲ್ಲಿ ಅದು ಒಳ್ಳೆಯ ಕಲಾತ್ಮಕ ಸಿನಿಮಾ. ನಮ್ಮ ಜಿಲ್ಲೆಯ ಸೂಪಾ ಅಣೆಕಟ್ಟಿಗೆ ಊರು ಬಿಟ್ಟು ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದವರ ಮನೆಯಲ್ಲಿ ಅದನ್ನು ಹಾಕಿದರೆ ಏನಾಗಬಹುದು ಯೋಚಿಸಿ. ಅಂಥವರೊಬ್ಬರು ನನ್ನ ಹತ್ತಿರ, ಮಳೆ ಸೀನು ಬಂದ ಕೂಡಲೇ ಎದ್ದು ಹೋದೆ, ನೀರು ಏರುವುದು ಹೇಗಿರುತ್ತದೆ ಅಂತ ನನಗೆ ಸಿನಿಮಾ ಬೇಕಾ ಅಂದಿದ್ದರು.

ಕೆಟ್ಟ ಚಿತ್ರವಾದರೆ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ಆರಿಸುವಾಗ ಮುಖ್ಯ. ಸೂಪರ್‌ಹೀರೋ ಚಿತ್ರ ಕೆಟ್ಟದಾಗಿದ್ದರೂ ಪೂರ್ತಿ ನಷ್ಟ ಇಲ್ಲ. ಗ್ರಾಫಿಕ್ಸ್ ನೋಡಿ ನಗಬಹುದು, ಮಕ್ಕಳು ಖುಷಿಯಾಗಿರುತ್ತಾರೆ, ಎ.ಸಿ.ಯಲ್ಲಿ ನಿದ್ದೆ ಮಾಡಬಹುದು. ಮದ್ದಳೆ ಸಿನಿಮಾ ಕೆಟ್ಟದಾಗಿದ್ದರೆ ಮಾತ್ರ ಶಿಕ್ಷೆ. ಪಾತ್ರ ಅಳುವ ಮೊದಲೇ ಪಿಟೀಲು ಅಳುತ್ತದೆ. ಅಮ್ಮನಿಗೆ ಕ್ಯಾನ್ಸರ್, ತಂಗಿಗೆ ವರದಕ್ಷಿಣೆ, ಅಣ್ಣನಿಗೆ ಅಪಘಾತ, ಎಲ್ಲ ಒಂದೇ ವಾರ. ಅಂಥದ್ದಕ್ಕೆ ಮೂರು ಗಂಟೆ ಕೂತು ಬಂದ ದಿನ ತಲೆನೋವು ಖಚಿತ.

ನಾನು ಮಾಡುವ ಪರೀಕ್ಷೆ ಸರಳ. ಟ್ರೇಲರನ್ನು ಸದ್ದು ತೆಗೆದು ನೋಡುತ್ತೇನೆ. ಸಂಗೀತ ಇಲ್ಲದೆಯೂ ಮುಖ ಏನಾದರೂ ಹೇಳುತ್ತಿದ್ದರೆ ಹೋಗಬಹುದು. ಸೂಪರ್‌ಹೀರೋ ಚಿತ್ರಕ್ಕೂ ಇದೇ ಪರೀಕ್ಷೆ. ಮುಖವಾಡ ತೆಗೆದಾಗ ಒಳಗೆ ಒಬ್ಬ ಮನುಷ್ಯ ಕಂಡರೆ ಸರಿ.

ಎರಡೂ ಬೇಕು ಅನ್ನುವವರಿಗೆ

ಎಲ್ಲ ಸೇರಿದ ದಿನ, ಅಂದರೆ ದೀಪಾವಳಿ ರಾತ್ರಿ, ಆಯಿ, ಅಪ್ಪಯ್ಯ, ಅಕ್ಕನ ಮಗ, ನಮ್ಮವರು ಎಲ್ಲ ಒಂದೇ ಟೀವಿ ಎದುರು ಕೂತಾಗ, ನಾನು ಹಾಕುವುದು 2021ರ ಮಲಯಾಳಂ ಚಿತ್ರ 'ಮಿನ್ನಲ್ ಮುರಳಿ'. ಬೇಸಿಲ್ ಜೋಸೆಫ್ ನಿರ್ದೇಶನ, ನೆಟ್‌ಫ್ಲಿಕ್ಸಿನಲ್ಲಿ ಕನ್ನಡದಲ್ಲೂ ಇದೆ. ನಾಯಕ ಹಳ್ಳಿಯ ಟೇಲರ್. ಸಿಡಿಲು ಬಡಿದು ಶಕ್ತಿ ಬರುತ್ತದೆ. ತೆಂಗು, ಮಳೆ, ಹಂಚಿನ ಮನೆ, ಚಾ ಅಂಗಡಿ ನೋಡಿ ಅಪ್ಪಯ್ಯ ಮೊದಲ ಸಲ, 'ಇದು ಹೊನ್ನಾವರದ ಬದಿಯಾ?' ಅಂತ ಕೇಳಿದ್ದರು. ನ್ಯೂಯಾರ್ಕ್ ಉರುಳಿದರೆ ಬರುವ ನಿದ್ದೆ ಇದಕ್ಕೆ ಬರಲಿಲ್ಲ.

ಈ ಚಿತ್ರದ ಗುಟ್ಟು ಅದೇ ಸಿಡಿಲು ಇನ್ನೊಬ್ಬನಿಗೂ ಬಡಿಯುವುದರಲ್ಲಿದೆ. ಊರಿನವರೆಲ್ಲ ಹುಚ್ಚ ಅಂತ ದೂರ ಇಟ್ಟ, ಚಾ ಅಂಗಡಿಯಲ್ಲಿ ಕೆಲಸ ಮಾಡುವ ಶಿಬು. ಗುರು ಸೋಮಸುಂದರಂ ಆ ಪಾತ್ರ ಮಾಡಿದ್ದಾರೆ. ಬಾಲ್ಯದಿಂದ ಪ್ರೀತಿಸಿದ ಹೆಂಗಸು ಕೊನೆಗೂ ತನ್ನವಳಾಗುತ್ತಾ ಇದ್ದಾಳೆ ಅಂತ ಗೊತ್ತಾದಾಗ ಅವನು ಅಳುವ ಅಳು, ನಗುವ ನಗು ಎರಡೂ ಒಂದೇ ಮುಖದಲ್ಲಿ ಬರುತ್ತವೆ. ಹುಡುಗ ಹೊಡೆದಾಟಕ್ಕೆ ಕಾಯುತ್ತಿರುತ್ತಾನೆ, ಆಯಿ ಆ ಜಾಗಕ್ಕೆ ಕಾಯುತ್ತಿರುತ್ತಾಳೆ. ಇಬ್ಬರಿಗೂ ಬೇಕಾದದ್ದು ಸಿಗುತ್ತದೆ.

ನಾಯಕ ಗೆದ್ದದ್ದು ಆಯಿಗೆ ನೆನಪೇ ಇಲ್ಲ. ಈ ಸಲ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಫೋನ್ ಬಂತು. ಕಂಬಳಿ ಒಣಗಿಸಿದ್ದು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವುದು ಎಲ್ಲ ಹೇಳಿ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಹೇಳಿದಳು, 'ಆ ಟೇಲರ್ ಸಿನಿಮಾ ಇನ್ನೊಂದು ಸಲ ಹಾಕು ಕೂಸೇ. ಆ ಚಾ ಅಂಗಡಿಯವ ಈ ಸಲನಾದ್ರೂ ಉಳಿತ್ನಾ ನೋಡವು.'